ವೇಲ್ಸಿನ ಕುರಿ, ಬಲಸಮುದ್ರದ ಹುಲ್ಲು

ಮಧುಗಿರಿ

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಅವ್ವ ನನ್ನ ಸೂಟ್‌ಕೇಸಿನ ಮೇಲೆ ಕೂತುಬಿಟ್ಟಿದ್ದಳು. ಕರಿ ಕಂಬಳಿಯನ್ನು ಅದರೊಳಗೆ ಇಡುವ ತನಕ ಏಳುವುದಿಲ್ಲ ಎಂದು ಹಟ.

"ಅವ್ವ, ಅಲ್ಲಿ ಕೋಟು ಸಿಗ್ತದೆ."

"ಕೋಟು ನೆಂದ್ರೆ ಕತೆ ಮುಗೀತು. ಕಂಬಳಿ ನೆಂದ್ರೂ ಬೆಚ್ಚಗಿರ್ತದೆ. ಇಷ್ಟು ಓದಿದ್ದೀಯ, ಅಷ್ಟು ಗೊತ್ತಾಗಾಕಿಲ್ವಾ?"

ಎರಡು ದಪ್ಪ ಪುಸ್ತಕ ತೆಗೆದು ತಮ್ಮ ಈರಣ್ಣನ ಕೈಗೆ ಕೊಟ್ಟೆ. ಆ ಜಾಗದಲ್ಲಿ ಕಂಬಳಿ ಕೂತಿತು. ಸರ್ಕಾರದ ಸ್ಕಾಲರ್‌ಶಿಪ್ಪಿನ ಮೇಲೆ ವೇಲ್ಸ್ ಎಂಬ ದೇಶಕ್ಕೆ ಒಂದು ವರ್ಷದ ಸಂಶೋಧನೆಗೆ ಹೊರಟ ನನ್ನ ಸಾಮಾನಿನಲ್ಲಿ ಅತಿ ಭಾರದ ವಸ್ತು ಅದೇ.

ನಾನು ಕೊರಟಗೆರೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ಹುಟ್ಟಿದ್ದು ಪಾವಗಡ ತಾಲ್ಲೂಕಿನ ಬಲಸಮುದ್ರದ ಹತ್ತಿರ, ಕುರಿ ಕಾಯುವವರ ಮನೆಯಲ್ಲಿ. ನಮ್ಮ ವಂಶದಲ್ಲಿ ಡಿಗ್ರಿ ಎಂಬುದನ್ನು ಮೊದಲು ಕಂಡವಳು ನಾನೇ. ಹಾಗೆ ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಪುಕ್ಕಟೆ ಬಂದದ್ದಾಗಿದ್ದರೆ ಸಂಕೋಚ ಪಡುತ್ತಿದ್ದೆ.

ನನ್ನ ಓದು ಮಂದೆಯ ಓದು. ಬೇಸಿಗೆಯಲ್ಲಿ ನಮ್ಮವರು ರಾತ್ರಿ ಹೊತ್ತು ರೈತರ ಹೊಲದಲ್ಲಿ ಕುರಿ ತರುಬುತ್ತಾರೆ, ಅಂದರೆ ಬೆಳಗಿನ ತನಕ ಒಟ್ಟಾಗಿ ಕೂಡಿ ನಿಲ್ಲಿಸುತ್ತಾರೆ; ಅದೇ ಮಂದೆ ಹಾಕುವುದು. ಹಿಕ್ಕೆ, ಗಂಜಲ ಎಲ್ಲ ಆ ಹೊಲಕ್ಕೇ ಬೀಳುತ್ತದೆ. ಮಂದೆ ಬಿದ್ದ ಹೊಲ ಮುಂದಿನ ಮಳೆಗೆ ಬೇರೆಯೇ ಬಣ್ಣದಲ್ಲಿ ಏಳುತ್ತದೆ, ದೂರದಿಂದಲೇ ಹೇಳಬಹುದು. ಹೊಲದವನು ಬದಲಿಗೆ ರಾಗಿ ಅಳೆದು ಕೊಡುತ್ತಾನೆ. ಅಪ್ಪ ಹೋದ ಮೇಲೆ ಅವ್ವ ಒಬ್ಬಳೇ ಊರೂರು ತಿರುಗಿ ಮಂದೆ ಹಾಕಿದಳು. ಆ ರಾಗಿಯನ್ನು ಮಾರಿ ನನ್ನನ್ನು ಹಾಸ್ಟೆಲಿನಲ್ಲಿಟ್ಟಳು. ನನ್ನ ಎಂ.ಎಸ್ಸಿ. ಸರ್ಟಿಫಿಕೇಟನ್ನು ಹಿಂಡಿದರೆ ಹಿಕ್ಕೆಯ ನೀರು ಬರುತ್ತದೆ ಎಂದು ನಾನೇ ತಮಾಷೆ ಮಾಡುತ್ತಿದ್ದೆ.

ಆಮೇಲೆ ನಮ್ಮ ಕಡೆ ಸೋಲಾರ್ ಬಂತು. ವಳ್ಳೂರು, ಬಲಸಮುದ್ರದ ಸುತ್ತ ನೆಲ ಕಾಣದ ಹಾಗೆ ಗಾಜಿನ ಹಲಗೆಗಳು ನಿಂತವು. ಹೊಲ ಇದ್ದವರಿಗೆ ಗುತ್ತಿಗೆ ಬಂತು. ಅವರಿವರ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ತಂತಿ ಬೇಲಿ ಬಂತು. ಬೇಲಿಯ ಒಳಗೆ ಮಳೆಗಾಲದಲ್ಲಿ ಹುಲ್ಲು ಎದ್ದರೆ ಕೂಲಿಯವರು ಕೊಯ್ದು ರಾಶಿ ಹಾಕುತ್ತಾರೆ. ಬೇಲಿಯ ಹೊರಗೆ ನಮ್ಮ ಕುರಿಗಳು ತಂತಿಗೆ ಮೂತಿ ಒತ್ತಿ ನಿಲ್ಲುತ್ತವೆ.

ಒಮ್ಮೆ ನಾನು, ಈರಣ್ಣ ಅಲ್ಲಿನ ಒಂದು ಕಂಪನಿಯ ಕಚೇರಿಗೆ ಹೋಗಿ ಕೇಳಿದ್ದೆವು: ಹುಲ್ಲು ಕೊಯ್ಯುವ ಬದಲು ಕುರಿ ಬಿಡಬಾರದೇ? ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. "ಅಲ್ಲೊಂದು ಇಲ್ಲೊಂದು ಕಳೆ ಬಂದ್ರೆ ಅದು ಮೇವಾಗುತ್ತಾ ಮೇಡಂ? ನಿಮ್ಮ ಕಡೆ ಮಳೆಗೆ, ಪ್ಯಾನಲ್ ನೆರಳಲ್ಲಿ, ಮೇವು ಬರುತ್ತೆ ಅಂತ ಯಾರಾದ್ರೂ ಸೈಂಟಿಫಿಕ್ಕಾಗಿ ತೋರ್ಸಿದಾರಾ? ಪೇಪರ್ ಇದ್ರೆ ತನ್ನಿ. ಮೇಲಿನವರಿಗೆ ಕಳಿಸ್ತೀನಿ."

ಆ ಪೇಪರ್ ಬರೆಯುವುದಕ್ಕೇ ನಾನು ಹೊರಟದ್ದು. ವೇಲ್ಸಿನಲ್ಲಿ ಪ್ಯಾನಲ್ ಅಡಿ ಕುರಿ ಮೇಯುವುದನ್ನು ಅಭ್ಯಾಸ ಮಾಡಿದ ಒಬ್ಬ ಪ್ರೊಫೆಸರ್ ಇದ್ದರು. ಅಲ್ಲಿಯ ಹುಲ್ಲು ಅಲ್ಲಿ ಅಳೆಯುವುದು, ನಮ್ಮ ಹುಲ್ಲು ನಮ್ಮಲ್ಲಿ ಅಳೆಯುವುದು, ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯುವುದು. ನಮ್ಮದಾಗಿ ಉಳಿದಿದ್ದ ಬೇಲಿ ಪಕ್ಕದ ಪಟ್ಟೆ ಜಮೀನಿನಲ್ಲಿ ಬಿರುಕು ಬಿಟ್ಟ ಹಳೆಯ ಪ್ಯಾನಲ್‌ಗಳನ್ನು ಕಲ್ಲುಕಂಬದ ಮೇಲೆ ನಿಲ್ಲಿಸಿದೆವು. ಅರ್ಧ ನೆಲ ಪ್ಯಾನಲ್ ಅಡಿಗೆ, ಅರ್ಧ ಬಿಸಿಲಿಗೆ. ಸುತ್ತ ಜಾಲಿ ಮುಳ್ಳು. ತಿಂಗಳಿಗೊಮ್ಮೆ ಈರಣ್ಣ ಎರಡೂ ಕಡೆ ಒಂದೇ ಅಳತೆಯ ಚೌಕ ಇಟ್ಟು ಹುಲ್ಲು ಕೊಯ್ದು, ಒಣಗಿಸಿ, ತೂಗಿ ನನಗೆ ಫೋಟೋ ಕಳಿಸಬೇಕು.

"ಕುರಿ ಒಳಗೆ ಮೇಯಕ್ಕೆ ಬಿಡಬೇಡ. ನೀರು ಹಾಕಬೇಡ," ಎಂದು ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಹೇಳಿದೆ.

"ಎಷ್ಟು ದಪ ಹೇಳ್ತೀಯಕ್ಕ? ಒಂದು ಕುರಿ ಬಾಯಿ ಹಾಕಿದ್ರೆ ಕೇಳು."

ಪ್ಯಾನಲ್ ಹುಡುಕಿ ಕೊಟ್ಟ ನಸೀಮಾ ಶಿರಾದಿಂದ ಬಂದಿದ್ದಳು. ನನ್ನ ಜೊತೆ ಅದೇ ಕಾಲೇಜಿನಲ್ಲಿ ಕೆಮಿಸ್ಟ್ರಿ. ನನಗಿಂತ ಮೊದಲೇ ಇದೇ ಸ್ಕಾಲರ್‌ಶಿಪ್ಪಿನಲ್ಲಿ ಹೋಗಿ ಬಂದವಳು. ಅಲ್ಲಿದ್ದಾಗ ಎರಡು ಪೇಪರ್ ಬರೆದಿದ್ದಳು, ಬಂದ ಮೇಲೆ ಒಂದೂ ಇಲ್ಲ. ಬಸ್ಸಿನ ಕಿಟಕಿಗೆ ಮುಖ ತಂದು ಹೇಳಿದಳು.

"ಅರೆ ಜಯಾ, ಬರೆಯೋದೆಲ್ಲ ಅಲ್ಲೇ ಬರೆದು ಮುಗಿಸು. ಊರಿಗೆ ಹೋಗಿ ಬರೀತೀನಿ ಅಂದ್ಕೊಂಡ್ರೆ ಬರ್ಬಾದ್. ಇಲ್ಲಿ ನಮ್ಮ ಪೆನ್ನು ಇರೋದು ಹಾಜರಿ ಹಾಕಕ್ಕೆ ಅಷ್ಟೇ."

ಲಂಡನ್

ವಿಮಾನ ನಿಲ್ದಾಣದಲ್ಲಿ ನನ್ನನ್ನು ಮೊದಲು ಮಾತಾಡಿಸಿದ್ದು ಒಂದು ನಾಯಿ. ಸಾಮಾನು ಬರುವ ಪಟ್ಟಿಯ ಹತ್ತಿರ ಅದು ನನ್ನ ಸೂಟ್‌ಕೇಸ್ ಮೂಸಿ, ಪಕ್ಕದಲ್ಲೇ ಗಂಭೀರವಾಗಿ ಕೂತಿತು. ಅದು ಕೂತರೆ ಸೂಟ್‌ಕೇಸ್ ಬಿಚ್ಚಬೇಕಂತೆ. ಅಧಿಕಾರಿ ಕೈಗವಸು ಹಾಕಿಕೊಂಡು ಕಂಬಳಿಯನ್ನು ಎರಡು ಬೆರಳಲ್ಲಿ ಎತ್ತಿದ.

"ಇದು ಯಾವುದಾದರೂ ಪ್ರಾಣಿಯ ಸಂಪರ್ಕದಲ್ಲಿತ್ತೇ?"

ಏನು ಹೇಳಲಿ? ಕುರಿಯಿಂದ ಬಂದದ್ದು, ಕುರಿಯ ಮಧ್ಯೆ ಇದ್ದದ್ದು, ಮರಿ ಹಾಕುವ ಕುರಿಗೆ ಹಾಸಿದ್ದು, ನಾನು ಹುಟ್ಟಿದಾಗ ನನ್ನನ್ನೂ ಇಂಥದ್ದರಲ್ಲೇ ಸುತ್ತಿದ್ದು. "ನಮ್ಮ ತಾಯಿಯದು," ಎಂದೆ. ಅವನು ಕಂಬಳಿಯನ್ನು ಒಳಗೆ ತೆಗೆದುಕೊಂಡು ಹೋಗಿ, ಏನೋ ಹೊಗೆ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕೊಟ್ಟು, "ಸಾರಿ" ಎಂದ. ಅವರದು ಅದೊಂದು ಅಭ್ಯಾಸ. ಕಾಲು ತುಳಿದವರೂ ಸಾರಿ ಅನ್ನುತ್ತಾರೆ, ತುಳಿಸಿಕೊಂಡವರೂ ಸಾರಿ ಅನ್ನುತ್ತಾರೆ. ನಾಯಿ ಮಾತ್ರ ಹೋಗುವಾಗಲೂ ನನ್ನನ್ನು ಅನುಮಾನದಿಂದಲೇ ನೋಡಿತು.

ವೇಲ್ಸಿನ ಆ ಊರು

ಊರು ಕೊರಟಗೆರೆಯಷ್ಟು ದೊಡ್ಡದು, ಗದ್ದಲ ಅದರ ಚೂರೂ ಇಲ್ಲ. ಬಸ್ಸಿಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ, ಮುದುಕಿಯರು, ಸ್ಕೂಲಿನ ಮಕ್ಕಳು, ಎಲ್ಲರೂ. ಡ್ರೈವರ್ ತಲೆಯಾಡಿಸುತ್ತಾನೆ. ನಮ್ಮಲ್ಲಿ ಅಷ್ಟು ಜನ ಇಳಿಯುವಾಗ ಹಾಗೆ ಹೇಳುತ್ತ ನಿಂತರೆ ಹತ್ತುವವರು ತುಳಿದುಹಾಕುತ್ತಾರೆ.

ಮಳೆ ಜೋರಾಗಿ ಹುಯ್ಯುವುದಿಲ್ಲ, ಜರಡಿ ಹಿಡಿದ ಹಾಗೆ ದಿನವಿಡೀ ಬೀಳುತ್ತಿರುತ್ತದೆ. ಅಲ್ಲಿಯವರು ಅದನ್ನು ಬೈಯುತ್ತಲೇ ಮಾತು ಶುರು ಮಾಡುತ್ತಾರೆ. "ಹಾಳು ಮಳೆ" ಎಂದು ಅಂಗಡಿಯವಳು ನನಗೆ ಹೇಳಿದಾಗ ಕೋಪ ಬಂತು. ಪಾವಗಡದವಳ ಮುಂದೆ ಮಳೆಯನ್ನು ಬೈಯಬಾರದು.

ಪ್ರೊಫೆಸರ್ ಹೆಸರು ಮೇಗನ್. ಎತ್ತರದ ಹೆಂಗಸು, ಮಣ್ಣಾದ ಬೂಟು ಹಾಕಿಕೊಂಡೇ ಕ್ಲಾಸಿಗೆ ಬರುತ್ತಾರೆ. ಮೊದಲ ದಿನ ಕಿಟಕಿ ಪಕ್ಕದ ಒಂದು ಮೇಜು ತೋರಿಸಿ, "ಇದು ನಿಮ್ಮದು," ಎಂದು ಹೇಳಿ ಹೋದರು. ಅಷ್ಟೇ. ವಾರ ಕಳೆಯಿತು. ಯಾರೂ ನನ್ನನ್ನು ಯಾವ ಡ್ಯೂಟಿಗೂ ಕರೆಯಲಿಲ್ಲ. ಪರೀಕ್ಷೆ ಮೇಲ್ವಿಚಾರಣೆ ಇಲ್ಲ, ಚುನಾವಣೆ ಇಲ್ಲ, ಸ್ವಾಗತ ಸಮಿತಿ ಇಲ್ಲ, ಬಸ್ ಪಾಸಿಗೆ ಸಹಿ ಇಲ್ಲ. ನನಗೆ ಒಳಗೊಳಗೇ ಭಯವಾಯಿತು. ಏನೋ ತಪ್ಪು ಮಾಡಿರಬೇಕು, ಅದಕ್ಕೇ ಯಾರೂ ಕರೆಯುತ್ತಿಲ್ಲ ಅನ್ನಿಸಿತು. ಕೊನೆಗೆ ಮೇಗನ್ ಅವರನ್ನೇ ಕೇಳಿದೆ.

"ನಾನು ಬೇರೇನು ಮಾಡಬೇಕು?"

ಅವರಿಗೆ ಅರ್ಥವಾಗಲಿಲ್ಲ. "ಯೋಚನೆ ಮಾಡಿ," ಎಂದರು.

ಯೋಚನೆ ಮಾಡುವುದಕ್ಕೆ ಸಂಬಳ ಕೊಡುತ್ತಾರೆ ಎಂದು ಈರಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಬಹಳ ಹೊತ್ತು ನಕ್ಕ. "ಅಂಗಾದ್ರೆ ನಂಗೂ ಒಂದು ಕೆಲ್ಸ ನೋಡಕ್ಕ. ಕುರಿ ಹಿಂದೆ ಹೋಗೋನು ಇನ್ನೇನು ಮಾಡ್ತಾನೆ?"

ಹ್ಯೂನ ಹೊಲ

ಹ್ಯೂ ಎಂಬ ರೈತನ ಇಳಿಜಾರು ಹೊಲದಲ್ಲಿ ಪ್ಯಾನಲ್‌ಗಳಿವೆ. ಅವನ್ನು ನೋಡಲು ಮೇಗನ್ ಕಾರಿನಲ್ಲಿ ಕರೆದುಕೊಂಡು ಹೋದರು. ಗೇಟು ದಾಟಿ ಸಾಲುಗಳ ನಡುವೆ ಕಣ್ಣು ಹಾಯಿಸಿದೆ. ಗಾಜಿನ ಅಡಿಯಲ್ಲಿ ಬಿಳಿ ಕುರಿಗಳು ನಿಂತು ಮೇಯುತ್ತಿದ್ದವು. ಕೆಲವು ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಒಂದು ಮರಿ ಉಕ್ಕಿನ ಕಂಬಕ್ಕೆ ಬೆನ್ನು ಉಜ್ಜುತ್ತಿತ್ತು.

ನಾನು ಅಲ್ಲಿಯೇ ನಿಂತುಬಿಟ್ಟೆ. ನಮ್ಮಲ್ಲಿ ಅರ್ಜಿ ಕೊಟ್ಟರೂ ಸಿಗದ್ದು ಇಲ್ಲಿ ಯಾರ ಗಮನಕ್ಕೂ ಬಾರದ ದಿನನಿತ್ಯದ ಸಂಗತಿ. "ಹುಲ್ಲು ಕೊಯ್ಯುವ ಯಂತ್ರಕ್ಕಿಂತ ಇವು ಅಗ್ಗ," ಎಂದ ಹ್ಯೂ. "ಜೊತೆಗೆ ಕೆಟ್ಟುಹೋಗುವುದಿಲ್ಲ."

ಬಾಯಿಗೆ ಬಂದದ್ದು ನಮ್ಮೂರಿನ ಕೂಗು. "ಹುರ್‍ರ್‍ರ್... ಬಾ ಬಾ ಬಾ" ಎಂದು ಗಂಟಲೆತ್ತಿ ಕರೆದೆ. ನಮ್ಮ ಕುರಿಗಳಾಗಿದ್ದರೆ ಓಡಿ ಬಂದು ಸುತ್ತ ನಿಲ್ಲುತ್ತಿದ್ದವು. ಇವು ಚದುರಿ ದಿಕ್ಕಾಪಾಲಾಗಿ ಓಡಿದವು. ಹ್ಯೂನ ನಾಯಿ ನನ್ನನ್ನೂ ತಪ್ಪಿಸಿಕೊಂಡ ಕುರಿ ಎಂದುಕೊಂಡು ಹಿಮ್ಮಡಿಯ ಹತ್ತಿರ ಬಂದು, ಬಗ್ಗಿ, ಮೆಲ್ಲಗೆ ಗೇಟಿನ ಕಡೆಗೆ ತಳ್ಳತೊಡಗಿತು. ಹ್ಯೂ ಸಿಳ್ಳೆ ಹಾಕುವ ತನಕ ಬಿಡಲಿಲ್ಲ. ಮೇಗನ್ ನಗು ತಡೆಯಲಾರದೆ ಕಾರಿನ ಹಿಂದೆ ಹೋಗಿ ನಿಂತರು.

ಮುಂದಿನ ಸಲ ಮಳೆಯಲ್ಲಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲಿಂದ ಹಾಕಿಕೊಂಡು ಹೋದೆ. ಅವರ ಕೋಟುಗಳು ತೊಟ್ಟಿಕ್ಕುತ್ತಿದ್ದವು, ನಾನು ಬೆಚ್ಚಗಿದ್ದೆ. ಅವ್ವ ಗೆದ್ದಳು. ಹ್ಯೂ ಕಂಬಳಿಯ ಅಂಚನ್ನು ಬೆರಳಿನಿಂದ ತಿಕ್ಕಿ ನೋಡಿದ. ಅವನ ಕುರಿಯ ಉಣ್ಣೆಯನ್ನು ಯಾರೂ ಕೇಳುವುದಿಲ್ಲವಂತೆ, ಕತ್ತರಿಸಿ ಕೊಟ್ಟಿಗೆಯಲ್ಲಿ ಸುಮ್ಮನೆ ಒಟ್ಟಿದ್ದಾನೆ. "ನಮ್ಮಲ್ಲೂ ಈಗ ನೇಯುವವರು ಕಡಿಮೆ," ಎಂದೆ.

ಕಿಟಕಿ ಪಕ್ಕದ ಮೇಜು

ನಮ್ಮ ಕಡೆ ಮಳೆ ಬಿತ್ತು. ಈರಣ್ಣನ ಫೋಟೋಗಳು ಬರತೊಡಗಿದವು. ಅಂಗಡಿಯ ತಕ್ಕಡಿಯ ಮೇಲೆ ಒಣಹುಲ್ಲಿನ ಕಟ್ಟು, ಪಕ್ಕದಲ್ಲಿ ಅವನ ಹೆಬ್ಬೆರಳು. ನಾನು ಆ ತೂಕಗಳನ್ನು ಕಂಪ್ಯೂಟರಿಗೆ ತುಂಬಿದೆ.

ಮೊದಲ ಕೊಯ್ಲಿನಲ್ಲಿ ಪ್ಯಾನಲ್ ಅಡಿಯ ಹುಲ್ಲು ಬಿಸಿಲಿನ ಹುಲ್ಲಿಗಿಂತ ಹೆಚ್ಚು ತೂಗಿತು. ಎರಡನೆಯದರಲ್ಲಿ ಇನ್ನೂ ಹೆಚ್ಚು. ಒಣನೆಲದಲ್ಲಿ ನೆರಳು ತೇವವನ್ನು ಹಿಡಿದಿಡುತ್ತದೆ ಎಂದು ನಾನು ಊಹಿಸಿದ್ದೆ, ಆದರೆ ಇಷ್ಟೊಂದು ಊಹಿಸಿರಲಿಲ್ಲ. ಮೇಗನ್ ನನ್ನ ಹಿಂದೆ ನಿಂತು ಪರದೆಯ ಮೇಲಿನ ಗೆರೆಗಳನ್ನು ನೋಡಿದರು. ಮತ್ತೆ ನೋಡಿದರು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಜಯಾ, ಇದು ನಿಜವಾದರೆ ತುಂಬಾ ದೊಡ್ಡದು. ನಮ್ಮ ಹೊಲದ ಕತೆ ಇಲ್ಲಿ ಎಲ್ಲರಿಗೂ ಗೊತ್ತು. ಇದು ಯಾರಿಗೂ ಗೊತ್ತಿಲ್ಲ."

ನಾನು ಬರೆಯತೊಡಗಿದೆ. ಬೆಳಿಗ್ಗೆ ಬಂದು ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ. ಕೊರಟಗೆರೆಯಲ್ಲಿ ವರ್ಷಗಟ್ಟಲೆ ಒಂದು ಪುಟವನ್ನೂ ಬರೆಯದ ನನ್ನ ಕೈ ಇದೇನಾ ಅನ್ನಿಸುತ್ತಿತ್ತು. ಕೈ ಅದೇ. ಮೇಜು ಬೇರೆ, ಗಂಟೆ ಹೊಡೆಯದ ಬೆಳಿಗ್ಗೆಗಳು ಬೇರೆ. ಪೇಪರ್ ಮುಗಿಯುತ್ತ ಬಂತು. ಸ್ಕಾಲರ್‌ಶಿಪ್ಪಿನ ಷರತ್ತೂ ಅದೇ ಆಗಿತ್ತು, ಮರಳಿ ಬಂದು ಒಂದು ಪ್ರಕಟಿತ ಪೇಪರ್ ತೋರಿಸಬೇಕು. ನನ್ನ ಕಣ್ಣ ಮುಂದೆ ಇದ್ದದ್ದು ಆ ಷರತ್ತಲ್ಲ, ಗೇಟು. ನಮ್ಮ ಕರಿ ಕುರಿಗಳು ಆ ಗೇಟಿನೊಳಗೆ ಹೋಗುವುದು.

ಹೊಲದ ಒಂದು ಒಳ್ಳೆಯ ನೋಟ ಪೇಪರಿಗೆ ಬೇಕು ಎಂದರು ಮೇಗನ್. ಊರಿನಲ್ಲಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ವಿಡಿಯೋ ಕರೆ ಮಾಡಿದೆ. ಮೇಗನ್ ನನ್ನ ಪಕ್ಕದಲ್ಲಿ ಚಹಾದ ಕಪ್ಪು ಹಿಡಿದು ಕೂತಿದ್ದರು.

"ಅಕ್ಕ, ನೋಡು ನೋಡು! ಮಂಡಿಯುದ್ದ ಐತೆ!" ಈರಣ್ಣ ಫೋನನ್ನು ಪ್ಯಾನಲ್ ಅಡಿಗೆ ಹಿಡಿದ. ಹುಲ್ಲು ಕರಿಹಸಿರು. ಮೇಗನ್ "ಅದ್ಭುತ!" ಎಂದರು. ಆ ಬಣ್ಣ ನನಗೆ ಎಲ್ಲೋ ನೋಡಿದ ಹಾಗಿತ್ತು. ಈರಣ್ಣ ಹುಲ್ಲನ್ನು ಕೈಯಿಂದ ಸರಿಸಿ ಬುಡ ತೋರಿಸಿದ.

"ಈರ, ಅಲ್ಲೇ ಹಿಡಿ. ನೆಲದ ಮೇಲೆ ಕರ್ರಗೆ ಏನದು?"

"ಎಲ್ಲಿ?"

"ಬುಡದಲ್ಲಿ."

"ಹಿಕ್ಕೆ."

"ಕುರಿ ಬಿಟ್ಟಿದ್ಯಾ ಒಳಗೆ?"

"ಇಲ್ಲಕ್ಕ, ನಿನ್ನಾಣೆ! ಮೇಯಕ್ಕೆ ಒಂದಿನಾನೂ ಬಿಟ್ಟಿಲ್ಲ. ಹೊಟ್ಟೆ ತುಂಬ ಮೇಯಿಸ್ಕಂಡು ಬಂದೇ..." ಅಲ್ಲಿಗೆ ನಿಲ್ಲಿಸಿದ.

ಅವ್ವ ಫೋನು ಕಿತ್ತುಕೊಂಡಳು. ಅವಳ ಹಣೆ, ಕುಂಕುಮ ಮಾತ್ರ ಕಾಣುತ್ತಿತ್ತು. "ಮಂದೆ ಹಾಕ್ದೊ ಕಣಮ್ಮ! ಗಾಜಿನಡೀಲಿ ಹುಲ್ಲು ಬಂದ್ರೇನೇ ನಿಂಗೆ ಹೆಸರು, ಇಲ್ದಿದ್ರೆ ಇಲ್ಲ ಅಂತ ಫೋನಾಗೆ ಅಂದ್ಯಲ್ಲ. ನೆಳ್ಳಾಗೆ ಸುಮ್‌ಸುಮ್ಕೆ ಹುಲ್ಲು ಬತ್ತದಾ? ಅದ್ಕೇ ಮಳೆಗೆ ಮುಂಚೆ ಅಲ್ಲೇ ತರುಬಿದ್ದೊ. ಮೊದ್ಲು ಕೊಯ್ಲಾದ ಮೇಲೂ ತರುಬಿದ್ದೊ. ಬೆಳಕರಿಯೋಕೆ ಮುಂಚೆ ಎಬ್ಬಿಸ್ಕಂಡು ಹೋಗ್ತಿದ್ದೊ, ಒಂದು ಎಸಳು ತಿನ್ನಾಕೆ ಬಿಡ್ಲಿಲ್ಲ."

"ಬಿಸಿಲಿನ ಕಡೆಗೆ, ಅವ್ವ?"

"ಅದಕ್ಯಾಕೆ? ಅದು ಅದರ ಪಾಡಿಗೆ ಬೆಳ್ಕಂತದೆ. ಒಬ್ಬ ಹೊಲಕ್ಕೆ ಕರೆಯಾಕೆ ಬಂದಿದ್ದ, ರಾಗಿ ಕೊಡ್ತೀನಿ ಅಂತ. ಬುಡಪ್ಪ, ನಮ್ಮುಡುಗಿದು ಪರೀಕ್ಷೆ ಐತೆ, ಈ ವರ್ಷ ನಮ್ ಮಂದೆ ಅವಳಿಗೇ ಅಂದ್ಬುಟ್ಟೆ."

ನೀರು ಹಾಕಬೇಡಿ ಎಂದಿದ್ದೆ, ಹಾಕಲಿಲ್ಲ. ಮೇಯಲು ಬಿಡಬೇಡಿ ಎಂದಿದ್ದೆ, ಬಿಡಲಿಲ್ಲ. ಮಂದೆ ಹಾಕಬೇಡಿ ಎಂದು ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಮಂದೆಯನ್ನು ಬೇಡ ಅಂದವರನ್ನು ನಾನು ನೋಡಿಯೇ ಇರಲಿಲ್ಲ.

"ನಿಮ್ಮ ತಾಯಿಗೆ ಎಷ್ಟು ಖುಷಿ!" ಎಂದರು ಮೇಗನ್. "ಏನು ಹೇಳುತ್ತಿದ್ದಾರೆ?"

ಅವ್ವನಿಗೆ ಆಮೇಲೆ ಮಾಡುತ್ತೇನೆ ಎಂದು ಹೇಳಿ ಫೋನಿಟ್ಟೆ. ಆಮೇಲೆ ಮೇಗನ್‌ಗೆ ಹೇಳಿದೆ. ಕುರಿ ತರುಬುವುದು ಎಂದರೇನು, ರೈತರು ಯಾಕೆ ಕರೆಯುತ್ತಾರೆ, ಯಾರಾದರೂ ತಮ್ಮ ಮಂದೆಯನ್ನು ಸುಮ್ಮನೆ ಒಂದು ಹೊಲಕ್ಕೆ ಕೊಟ್ಟರೆ ಅದು ಎಂಥ ಪ್ರೀತಿ ಎಂದೆಲ್ಲ. ಅವರ ಮುಖ ಅರಳಿತು. "ಎಂಥ ಸುಂದರ ಪದ್ಧತಿ, ಜಯಾ! ಇದನ್ನೇ ಒಂದು..." ಎಂದವರು ಅರ್ಧಕ್ಕೆ ನಿಂತರು. ಕಪ್ಪನ್ನು ಮೇಜಿನ ಮೇಲಿಟ್ಟರು. "ಪ್ಯಾನಲ್ ಅಡಿ ಮಾತ್ರವೇ?"

"ಪ್ಯಾನಲ್ ಅಡಿ ಮಾತ್ರ."

ಅವರು ಎದ್ದುಹೋಗಿ ಕಿಟಕಿಯ ಬಳಿ ನಿಂತರು. ಹೊರಗೆ ಅದೇ ಜರಡಿ ಮಳೆ. ನಮ್ಮ ತೂಕಗಳೆಲ್ಲ ಹಿಕ್ಕೆಯ ತೂಕಗಳು. ನೆರಳು ಏನು ಮಾಡಿತು ಎಂದು ಹೇಳುವ ಒಂದು ಕಡ್ಡಿಯೂ ಅದರಲ್ಲಿ ಉಳಿದಿರಲಿಲ್ಲ.

ಮತ್ತೆ ಹ್ಯೂನ ಹೊಲ

ನಸೀಮಾಗೆ ಫೋನ್ ಮಾಡಿದೆ. ಅವಳು ಒಂದು ನಿಮಿಷವೂ ಯೋಚಿಸಲಿಲ್ಲ.

"ಪೇಪರ್ ಹಂಗೇ ಹಾಕ್ಬಿಡೇ! ಯಾರು ಬಂದು ಹಿಕ್ಕೆ ನೋಡ್ತಾರೆ?"

"ನಾನು ನೋಡಿದೀನಲ್ಲ."

"ಅಯ್ಯೋ ಅಲ್ಲಾ... ನೀನು ಅಲ್ಲಿಗೆ ಹೋಗಿದ್ದು ಕಣ್ಣು ಮುಚ್ಚೋದು ಕಲಿಯಕ್ಕೆ ಅಂದ್ಕೊಂಡಿದ್ದೆ." ಮತ್ತೆ ತಾನೇ ಹೇಳಿದಳು, "ಸರಿ ಬಿಡು. ಹಾಕಬೇಡ. ನಾಳೆ ಕಂಪನಿಯವರು ಅದನ್ನ ನಂಬಿ ಕುರಿ ಬಿಟ್ಟು, ಅಲ್ಲಿ ಹುಲ್ಲೇ ಬರದೆ ಹೋದ್ರೆ, ನಿಮ್ಮೋರನ್ನ ಆ ಗೇಟಿನ ಹತ್ರಾನೂ ಸೇರಿಸಲ್ಲ."

ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಇನ್ನೊಂದೂ ಇತ್ತು. ಹೆಸರಿನ ಮುಂದೆ ಡಿಗ್ರಿ ಹಾಕಿಕೊಂಡ ಮೊದಲನೆಯವಳು ನಾನು. ಮೊದಲನೆಯವಳೇ ಸುಳ್ಳು ತೂಗಿದರೆ ಹಿಂದೆ ಬರುವ ಹುಡುಗಿಯರ ತೂಕವನ್ನು ಯಾರೂ ನಂಬುವುದಿಲ್ಲ.

ಇನ್ನೊಂದು ಮಳೆಗಾಲ ಬೇಕು ಎಂದು ಸ್ಕಾಲರ್‌ಶಿಪ್ ಕಚೇರಿಗೆ ಬರೆದೆ, ಮೇಗನ್ ಕೂಡ ಬರೆದರು. ಒಂದು ವರ್ಷ ಅಂದರೆ ಒಂದು ವರ್ಷ ಎಂದು ಉತ್ತರ ಬಂತು. ಅವರದೂ ತಪ್ಪಿಲ್ಲ. ಸರ್ಕಾರದ ವರ್ಷ ಸರ್ಕಾರಕ್ಕೆ ಗೊತ್ತು, ಹುಲ್ಲಿನ ವರ್ಷ ಹುಲ್ಲಿಗೆ ಗೊತ್ತು.

ಹೊರಡುವ ಮುಂಚೆ ಹ್ಯೂನ ಹೊಲಕ್ಕೆ ಹೋದೆ. ಅವನಿಗೆ ಮೇಗನ್ ಎಲ್ಲ ಹೇಳಿದ್ದರು. ನಗುತ್ತಾನೆ ಅಂದುಕೊಂಡೆ. ಅವನು ನಗಲಿಲ್ಲ. "ನನ್ನಮ್ಮನಾಗಿದ್ದರೂ ಹಾಗೆಯೇ ಮಾಡುತ್ತಿದ್ದಳು," ಎಂದ. ಕುರಿಗಳು ಗಾಜಿನ ಅಡಿ ಮಲಗಿದ್ದವು. ಈ ಸಲ ನಾನು ಕರೆಯಲಿಲ್ಲ.

ಕೊರಟಗೆರೆ

ಬಂದ ವಾರವೇ ಕಾಲೇಜಿಗೆ ಹೋಗುವಾಗ ಖಾಸಗಿ ಬಸ್ಸಿನಿಂದ ಇಳಿಯುತ್ತ ಬಾಯಿತಪ್ಪಿ ಡ್ರೈವರನಿಗೆ ಥ್ಯಾಂಕ್ಸ್ ಎಂದೆ. ಅವನು ತಿರುಗಿ ನೋಡಿದ.

"ಯಾಕ್ ಮೇಡಂ, ಲೇಟಾಯ್ತು ಅಂತ ಹಂಗಂತೀರಾ? ದಾರೀಲಿ ಟ್ಯಾಂಕರು ಅಡ್ಡ ನಿಂತಿದ್ರೆ ನಾನೇನ್ ಮಾಡ್ಲಿ?"

ಪ್ರಿನ್ಸಿಪಾಲರು ಹಾರ ಹಾಕಿ ಸ್ವಾಗತಿಸಿದರು. ಅದೇ ಸಂಜೆ ಪರೀಕ್ಷಾ ಕೆಲಸದ ಪಟ್ಟಿಯಲ್ಲಿ ನನ್ನ ಹೆಸರಿತ್ತು. ನನ್ನ ಹಳೆಯ ಲ್ಯಾಬಿನಲ್ಲಿ ಉತ್ತರ ಪತ್ರಿಕೆಯ ಮೂಟೆಗಳನ್ನು ಪೇರಿಸಿದ್ದರು. ಮುಂಗಾರಿನಲ್ಲಿ ಊರಿಗೆ ಹೋಗಿ ಕೆಲಸ ಮಾಡಲು ರಜೆ ಕೇಳಿದೆ. "ಈಗ ತಾನೆ ಒಂದು ವರ್ಷ ಹೋಗಿ ಬಂದಿದೀರಲ್ಲಮ್ಮ," ಎಂದರು.

ಹೊಸದಾಗಿ ಸ್ಕಾಲರ್‌ಶಿಪ್ ಪಡೆದವರಿಗೆ ಅನುಭವ ಹೇಳಲು ನನ್ನನ್ನೂ ನಸೀಮಾಳನ್ನೂ ಒಂದು ಸಭೆಗೆ ಕರೆದರು. ವೇದಿಕೆಯ ಮೇಲಿದ್ದವರು ಮೊದಲು ಕೇಳಿದ್ದೇ, ಎಷ್ಟು ಪೇಪರ್ ಬಂತು ಎಂದು. ನಸೀಮಾ ಎರಡು ಎಂದಳು, ಚಪ್ಪಾಳೆ ಬಿತ್ತು. ನಾನು "ಒಂದೂ ಇಲ್ಲ," ಎಂದೆ. ಸರ್ಕಾರ ಇಷ್ಟು ಖರ್ಚು ಮಾಡಿದ್ದು ವ್ಯರ್ಥವೇ ಎಂದು ಅವರು ಮೈಕಿನಲ್ಲೇ ನೊಂದುಕೊಂಡರು. ನೆಟ್ಟ ಗಿಡವನ್ನು ವರ್ಷ ತುಂಬಿದ ಕೂಡಲೇ ಕಿತ್ತು ಬಂಡೆಯ ಮೇಲಿಟ್ಟು ಹೂವೆಲ್ಲಿ ಅಂದರೆ ಗಿಡ ಏನು ಹೇಳೀತು ಎಂದು ಕೇಳಬೇಕೆನ್ನಿಸಿತು. ನಸೀಮಾ ನನ್ನ ಕಿವಿಯಲ್ಲಿ, "ನನ್ನ ಎರಡು ಪೇಪರಿಗೆ ಚಪ್ಪಾಳೆ ಹೊಡೆದ್ರಲ್ಲ, ಬಂದ ಮೇಲೆ ಎಷ್ಟು ಅಂತ ಯಾರೂ ಕೇಳ್ಲೇ ಇಲ್ಲ ನೋಡು," ಎಂದಳು.

ಬಲಸಮುದ್ರ

ನನ್ನ ಹತ್ತಿರ ಒಂದು ಆಸೆ ಉಳಿದಿತ್ತು. ಪಟ್ಟೆ ಜಮೀನಿನ ಆಚೆ ತುದಿಗೆ ಮಂದೆ ಬಿದ್ದಿರಲಿಲ್ಲ. ಪ್ಯಾನಲ್‌ಗಳನ್ನು ಅಲ್ಲಿಗೆ ಸಾಗಿಸಿ ಈ ಮಳೆಗಾಲ ಮತ್ತೆ ಅಳೆದರೆ? ಭಾನುವಾರಗಳು ನನ್ನವೇ. ಮೇಗನ್ ಕಾಯುತ್ತೇನೆ ಎಂದಿದ್ದರು.

ಒಂದು ಭಾನುವಾರ ಹೋದೆ. ದಾರಿಯಲ್ಲೇ ಪಕ್ಕದ ಮನೆಯ ಮುದುಕಿ ತನ್ನ ತೆಲುಗಿನಲ್ಲಿ ಕೂಗಿದಳು, "ಏಮ್ಮಾ ಜಯಾ, ಬಾಗುಂಡಾವಾ? ಕಾಗಿತಂ ತೆಚ್ಚಿನಾವಾ?" ಕಾ‌ಗದ ತಂದೆಯಾ ಎಂದು. ಇಡೀ ಹಟ್ಟಿಗೆ ಗೊತ್ತಿತ್ತು, ನಾನು ತರುವ ಕಾಗದದಿಂದ ಗೇಟು ತೆಗೆಯುತ್ತದೆ ಎಂದು. ತರುತ್ತೇನೆ ಎಂದು ಕೈಯಾಡಿಸಿದೆ.

ಈರಣ್ಣ ಖಾಕಿ ಅಂಗಿ ಹಾಕಿಕೊಂಡು ಬಂದ. ಮೇವಿಲ್ಲದೆ ಅರ್ಧ ಕುರಿ ಮಾರಿಬಿಟ್ಟಿದ್ದ. ಈಗ ಬೇಲಿಯ ಒಳಗೆ ಕೂಲಿ, ಹೆಗಲಿಗೆ ಯಂತ್ರ ನೇತುಹಾಕಿಕೊಂಡು ಪ್ಯಾನಲ್ ಅಡಿ ಹುಲ್ಲು ಕತ್ತರಿಸುತ್ತಾನೆ.

"ಕುರಿನ ಒಳಿಕ್ಕೆ ಬಿಡ್ಲಿಲ್ಲ, ಕುರಿಯೋನ್ನ ಬಿಟ್ಟವ್ರೆ ನೋಡಕ್ಕ," ಎಂದು ನಕ್ಕ.

ಇಬ್ಬರೂ ಸೇರಿ ಪ್ಯಾನಲ್‌ಗಳನ್ನು ಆಚೆ ತುದಿಗೆ ಹೊತ್ತು ನಿಲ್ಲಿಸಿದೆವು. ಹೊಸ ಜಾಲಿ ಮುಳ್ಳು ಕಡಿದು ಸುತ್ತ ಬೇಲಿ ಹಾಕಿದೆವು. ಕೆಲಸ ಮುಗಿಯುವಾಗ ಹೊತ್ತು ವಾಲಿತ್ತು. ಅವ್ವ ಮಜ್ಜಿಗೆ ತಂದಳು. ಈರಣ್ಣ ಕುಡಿದು ಕುರಿ ಹೊಡೆದು ತರಲು ಹೋದ. ಅವ್ವ ಹೊಸ ಬೇಲಿಯನ್ನೂ, ಹಳೆಯ ಜಾಗವನ್ನೂ ನೋಡುತ್ತ ನಿಂತಳು.

"ಯಾಕೆ ಜಾಗ ಬದ್ಲಾಯಿಸ್ದೆ?"

"ಸುಮ್ನೆ, ಅವ್ವ."

"ಸುಮ್ನೆ ಯಾರಾದ್ರೂ ಕಲ್ಲುಕಂಬ ಹೊರ್ತಾರಾ? ಹೋದ ವರ್ಷ ಅಷ್ಟು ಚೆಂದಾಗಿ ಬಂದಿತ್ತಲ್ಲ. ಆದ್ರೂ ನಿನ್ ಕಾಗದ ಆಗ್ಲಿಲ್ಲ." ಅವಳ ದನಿ ಸಣ್ಣದಾಯಿತು. "ನಾವು ಮಂದೆ ಹಾಕಿದ್ಕೇ ಏನಾರ ಆಯ್ತಾ ಮಗಾ?"

ಅವಳ ಕೈ ನೋಡಿದೆ. ಆ ಕೈಗೆ ಗೊತ್ತಿರುವ ವಿದ್ಯೆ ಅದೊಂದೇ. ಅದರಿಂದಲೇ ನನ್ನನ್ನು ಓದಿಸಿದ್ದು. ಯಾವುದರಿಂದ ನನ್ನನ್ನು ಓದಿಸಿದೆಯೋ ಅದರಿಂದಲೇ ನನ್ನ ಕೆಲಸ ಕೆಡಿಸಿದೆ ಎಂದು ಹೇಳುವುದು ಹೇಗೆ?

"ಇಲ್ಲವ್ವ. ಮಂದೆಯಿಂದ ಏನಿಲ್ಲ. ಅಲ್ಲಿಯೋರು ತಡ ಮಾಡಿದ್ರು, ಅಷ್ಟೇ."

ಮೇಗನ್ ಮುಂದೆ, ನಸೀಮಾ ಮುಂದೆ, ವೇದಿಕೆಯ ಮುಂದೆ ಬಾರದ ಸುಳ್ಳು ಎಷ್ಟು ಸಲೀಸಾಗಿ ಬಂತು.

ಅವ್ವನ ಮುಖ ತಿಳಿಯಾಯಿತು. "ಅದೇ ಅಂದ್ಕಂಡೆ. ಮಂದೆ ಹಾಕಿದ್ರೆ ಕೆಟ್ಟಿದ್ದು ಎಲ್ಲೈತೆ?" ಎಂದು ಸೆರಗು ಸಿಕ್ಕಿಸಿಕೊಂಡಳು. ಕುರಿಗಳ ಕೊರಳ ಗಂಟೆ ದೂರದಲ್ಲಿ ಕೇಳುತ್ತಿತ್ತು. ಅವಳು ಕೈ ಬಾಯಿಗೆ ಹಿಡಿದು ಕೂಗಿದಳು.

"ಲೇ ಈರಾ! ಹಟ್ಟಿ ಕಡಿಕೆ ಹೊಡಿಬೇಡ ಕಣ್ಲಾ. ಇಲ್ಲಿಗೇ ತಾ. ಈ ವರ್ಸಾನೂ ಅಕ್ಕನ ಹೊಲಕ್ಕೇ ಹಾಕಾನ."

ಬೇಡ ಎನ್ನಬೇಕಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಉಳಿದ ಕುರಿಗಳು ಧೂಳೆಬ್ಬಿಸುತ್ತ ತಂತಿ ಬೇಲಿಯ ಪಕ್ಕದಲ್ಲೇ ಬಂದವು, ಒಳಗಿನ ಹುಲ್ಲಿನ ಕಡೆಗೆ ಒಮ್ಮೆ ಮೂತಿ ತಿರುಗಿಸಿ, ಮುಂದೆ ನಡೆದವು. ಅವ್ವ ನನ್ನ ಕಡೆ ನೋಡಿ ನಗುತ್ತಿದ್ದಳು.

ನಾನು ಬಗ್ಗಿ, ಬೆಳಿಗ್ಗೆಯಿಂದ ಹಾಕಿದ ಮುಳ್ಳನ್ನು ಒಂದು ಕಡೆ ಸರಿಸಿ ದಾರಿ ಬಿಟ್ಟೆ.